ಸಭೆಗೆ ಬಂದ ಹುಡುಗಿಯರು ಯಾಕೆ ಮಾತಾಡಲಿಲ್ಲ?

ಪ್ರಶ್ನೆ: ನಾನು ನಗರಾಡಳಿತದ ಜೊತೆ ಕೆಲಸ ಮಾಡುವ ಒಂದು ಚಿಕ್ಕ ಸಂಸ್ಥೆಯಲ್ಲಿದ್ದೇನೆ. ಒಂದು ಬಸ್ ನಿಲ್ದಾಣ, ಅದರ ಪಕ್ಕದ ಪಾರ್ಕು, ಎರಡರ ನಡುವಿನ ಅಂಡರ್‌ಪಾಸ್, ಈ ಮೂರನ್ನೂ ಹೊಸದಾಗಿ ಮಾಡುವ ಯೋಜನೆ ಇದೆ. ವಿನ್ಯಾಸದಲ್ಲಿ ಯುವತಿಯರನ್ನೂ ಸೇರಿಸಿಕೊಳ್ಳಿ ಎಂದು ಹೇಳಿದ್ದಾರೆ. ಹೋದ ತಿಂಗಳು ಸಭೆ ಕರೆದೆವು. ನಾಲ್ಕೇ ಜನ ಬಂದರು. ನಕ್ಷೆ ತೋರಿಸಿದೆವು, ‘ಚೆನ್ನಾಗಿದೆ’ ಅಂದು ಹೊರಟುಹೋದರು. ‘ಲೈಟು, ಕ್ಯಾಮೆರಾ ಜಾಸ್ತಿ ಹಾಕಿದರೆ ಆಯಿತಲ್ಲ, ಇನ್ನೇನು ಕೇಳೋದಿದೆ’ ಅನ್ನುತ್ತಾರೆ ನಮ್ಮ ಎಂಜಿನಿಯರ್. ಅವರಿಗೆ ಏನು ಹೇಳಲಿ? ಹುಡುಗಿಯರನ್ನು ಕಾಟಾಚಾರಕ್ಕಲ್ಲದೆ ನಿಜವಾಗಿ ಸೇರಿಸಿಕೊಳ್ಳುವುದು ಹೇಗೆ?

ಉತ್ತರ: ಆ ನಾಲ್ಕು ಜನ ಬಾಯಿ ಬಿಡಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಅವರಿಗೆ ಹೇಳೋದು ಏನೂ ಇರಲಿಲ್ಲ ಅಂತ ಮಾತ್ರ ತಿಳಿಯಬೇಡಿ. ಮುಗಿದ ನಕ್ಷೆಯನ್ನು ಮುಂದಿಟ್ಟು ‘ಹೇಗಿದೆ’ ಅಂತ ಕೇಳಿದರೆ ಯಾರಾದರೂ ‘ಚೆನ್ನಾಗಿದೆ’ ಅಂತಲೇ ಅನ್ನುತ್ತಾರೆ. ಗೋಡೆಗೆಲ್ಲ ಬಣ್ಣ ಹೊಡೆದು ಮುಗಿಸಿ, ಯಾವ ಬಣ್ಣ ಬೇಕಿತ್ತು ಅಂತ ಕೇಳಿದ ಹಾಗೆ ಅದು.

ನಾನೂ ಇದೇ ತಪ್ಪು ಮಾಡಿದ್ದೇನೆ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಬಣ್ಣಬಣ್ಣದ ನಕ್ಷೆಗಳನ್ನು ಹಿಡಿದುಕೊಂಡು ಒಂದು ಕಾಲೇಜಿಗೆ ಹೋಗಿದ್ದೆ. ಹುಡುಗಿಯರು ಸುತ್ತ ನಿಂತು ನೋಡಿದರು. ‘ಚೆನ್ನಾಗಿದೆ ಮೇಡಂ’ ಅಂದರು. ಪಾರ್ಕು ಕಟ್ಟಿ ಮುಗಿಯಿತು. ಒಂದು ವರ್ಷ ಬಿಟ್ಟು, ಸಂಜೆ ಆರು ಗಂಟೆಗೆ ಹೋಗಿ ನೋಡಿದೆ. ನಾವು ಹುಡುಗಿಯರಿಗೆ ಅಂತಲೇ ಇಟ್ಟಿದ್ದ ಬೆಂಚುಗಳ ಮೇಲೆ ಒಬ್ಬಳೂ ಇರಲಿಲ್ಲ. ಬೆಂಚುಗಳೆಲ್ಲ ಹಾದಿಗೆ ಬೆನ್ನು ಮಾಡಿಕೊಂಡಿದ್ದವು. ಹಿಂದಿನಿಂದ ಯಾರು ಬರುತ್ತಿದ್ದಾರೆ ಅಂತ ಕಾಣದ ಕಡೆ ಯಾವ ಹುಡುಗಿ ಕೂತಾಳು? ಅವರಲ್ಲಿ ಯಾರನ್ನು ಕೇಳಿದ್ದರೂ ಎರಡು ನಿಮಿಷದಲ್ಲಿ ಹೇಳುತ್ತಿದ್ದರು. ನಾನು ಕೇಳಿದ್ದು ಬಣ್ಣದ ಚಿತ್ರದ ಬಗ್ಗೆ. ಅವರು ಕೂರುವ ಜಾಗದ ಬಗ್ಗೆ ಅಲ್ಲ.

ಹಾಗಾಗಿ ನಿಮಗೆ ಮೊದಲು ಹೇಳೋದು ಇದು. ಕಾಗದದ ಮೇಲೆ ಗೆರೆ ಬೀಳುವ ಮುಂಚೆ ಅವರು ಬರಬೇಕು. ಟೆಂಡರ್ ಕರೆದಾಗಲೂ ಇರಬೇಕು. ಕೆಲಸ ಮುಗಿದ ಮೇಲೂ ಬರಬೇಕು. ನಡುವಿನ ಒಂದು ಸಭೆಗೆ ಮಾತ್ರ ಕರೆದರೆ ಫೋಟೋ ಸಿಗುತ್ತದೆ, ಕೆಲಸಕ್ಕೆ ಬರುವ ಮಾಹಿತಿ ಸಿಗುವುದಿಲ್ಲ. ರೋಜರ್ ಹಾರ್ಟ್ ಎಂಬವರು 1992ರಲ್ಲಿ ಯುನಿಸೆಫ್‌ಗಾಗಿ ಬರೆದಾಗ ಮಕ್ಕಳು, ಕಿರಿಯರು ಪಾಲ್ಗೊಳ್ಳುವ ರೀತಿಗಳನ್ನು 8 ಮೆಟ್ಟಿಲ ಏಣಿಯಾಗಿ ತೋರಿಸಿದರು. ಕೆಳಗಿನ ಮೂರು ಮೆಟ್ಟಿಲು ಪಾಲ್ಗೊಳ್ಳುವಿಕೆಯೇ ಅಲ್ಲ ಅಂದರು. ದೊಡ್ಡವರು ತಮ್ಮ ಮಾತನ್ನೇ ಅವರ ಬಾಯಲ್ಲಿ ಹೇಳಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಕೂರಿಸುವುದು. ನಿಮ್ಮ ಹೋದ ತಿಂಗಳ ಸಭೆ ಈ ಮೂರರಲ್ಲಿ ಯಾವುದಾಗಿತ್ತು ಅಂತ ಒಮ್ಮೆ ಯೋಚಿಸಿ. ಬೈಯಲು ಹೇಳುತ್ತಿಲ್ಲ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ.

ಈಗ ನಿಮ್ಮ ಎಂಜಿನಿಯರ್ ಮಾತಿಗೆ ಬರೋಣ. ಬೆಳಕು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಜಾಸ್ತಿ ಬೆಳಕು’ ಬೇರೆ, ‘ಒಳ್ಳೆ ಬೆಳಕು’ ಬೇರೆ. ಮೆಲ್ಬರ್ನ್‌ನಲ್ಲಿ 2016ರಲ್ಲಿ ಪ್ಲಾನ್ ಇಂಟರ್‌ನ್ಯಾಷನಲ್ ಆಸ್ಟ್ರೇಲಿಯಾ ಸಂಸ್ಥೆ ‘ಫ್ರೀ ಟು ಬಿ’ ಎಂಬ ಆನ್‌ಲೈನ್ ನಕ್ಷೆಯನ್ನು ತೆರೆಯಿತು. ಯುವತಿಯರು ತಮಗೆ ಹಿತವಾದ ಜಾಗಕ್ಕೆ ಒಂದು ಪಿನ್, ಹೆದರಿಕೆಯಾಗುವ ಜಾಗಕ್ಕೆ ಇನ್ನೊಂದು ಪಿನ್ ಹಾಕಿ, ಯಾಕೆ ಅಂತ ಬರೆಯಬಹುದಿತ್ತು. ಆಮೇಲೆ ಮೊನಾಶ್ ವಿಶ್ವವಿದ್ಯಾಲಯದವರು ಮತ್ತು ಅರೂಪ್ ಎಂಬ ಎಂಜಿನಿಯರಿಂಗ್ ಕಂಪನಿಯವರು ಆ ಜಾಗಗಳಿಗೆ ರಾತ್ರಿ ಹೋಗಿ ಬೆಳಕನ್ನು ಅಳೆದರು. ಹೆದರಿಕೆಯ ಪಿನ್ ಬಿದ್ದ ಜಾಗಗಳಲ್ಲಿ ಎಷ್ಟೋ ಕಡೆ ಬೆಳಕು ಪ್ರಖರವಾಗಿಯೇ ಇತ್ತು. ಬೆಳಕಿನ ಪ್ರಮಾಣಕ್ಕೂ ನೆಮ್ಮದಿಗೂ ನೇರ ಸಂಬಂಧ ಕಾಣಲಿಲ್ಲ. ಬೆಳಕು ಒಂದೇ ಹದದಲ್ಲಿ ಹರಡಿದ್ದು, ಬೇರೆ ಬೇರೆ ಕಡೆಯಿಂದ ಬರುತ್ತಿದ್ದ ಜಾಗಗಳೇ ಹಿತವಾಗಿದ್ದವು.

ಇದಕ್ಕೆ ಕಾರಣ ನಮ್ಮ ಕಣ್ಣಿನಲ್ಲೇ ಇದೆ. ಪ್ರಖರ ದೀಪದ ಕೆಳಗೆ ನಿಂತರೆ ಕಣ್ಣು ಆ ಬೆಳಕಿಗೆ ಹೊಂದಿಕೊಳ್ಳುತ್ತದೆ. ಆಗ ಹತ್ತು ಹೆಜ್ಜೆ ಆಚೆಯ ಕತ್ತಲಲ್ಲಿ ಯಾರಿದ್ದಾರೆ ಅಂತ ಕಾಣುವುದಿಲ್ಲ. ಆದರೆ ಆ ಕತ್ತಲಲ್ಲಿ ನಿಂತವನಿಗೆ ಅವಳು ಚೆನ್ನಾಗಿ ಕಾಣುತ್ತಾಳೆ. ನಾಟಕದ ರಂಗದ ಮೇಲೆ ನಿಂತ ಹಾಗೆ. ಹುಡುಗಿಯರು ಇದನ್ನು ಅವರದೇ ಮಾತಲ್ಲಿ ಹೇಳುತ್ತಾರೆ, ‘ಲೈಟಿದೆ ಮೇಡಂ, ಆದ್ರೆ ನಾನು ಕಾಣ್ತೀನಿ, ನನಗೆ ಯಾರೂ ಕಾಣಲ್ಲ.’ ಅದಕ್ಕೇ ಕಂಬದ ವಾಟ್ ಎಷ್ಟು ಅಂತ ಕೇಳಿ ಸುಮ್ಮನಾಗಬಾರದು. ಎದುರಿಗೆ ಬರುವವರ ಮುಖ ಎಷ್ಟು ದೂರದಿಂದ ಗುರುತು ಸಿಗುತ್ತದೆ? ಎರಡು ಕಂಬಗಳ ನಡುವೆ ಕತ್ತಲಿನ ತುಂಡು ಉಳಿಯುತ್ತದೆಯೇ? ದೀಪದ ಬೆಳಕು ರಸ್ತೆಗೆ ಬೀಳುತ್ತದೋ, ಫುಟ್‌ಪಾತಿಗೋ? ಮರದ ಕೊಂಬೆ ದೀಪಕ್ಕೆ ಅಡ್ಡ ಬಂದಿದೆಯೇ? ಕಡೆಯದು ತೀರಾ ಸಣ್ಣ ವಿಷಯ ಅನಿಸಬಹುದು. ಆದರೆ ಹೊಸ ಕಂಬ ನೆಡುವುದಕ್ಕಿಂತ ಕೊಂಬೆ ಕತ್ತರಿಸುವುದೇ ಸಾಕಾಗುವ ಜಾಗಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಆದದ್ದನ್ನು ದಾಖಲಿಸುತ್ತದೆ. ದಿಟ್ಟಿಸಿ ನೋಡುವುದು, ಹಿಂದೆ ಹಿಂದೆ ನಡೆದು ಬರುವುದು, ಕಿವಿಗೆ ಬೀಳುವಷ್ಟು ಮೆಲ್ಲಗೆ ಕೆಟ್ಟ ಮಾತಾಡುವುದು, ಇವೇ ಹುಡುಗಿಯರ ದಿನನಿತ್ಯದ ಕಾಟ. ಇದ್ಯಾವುದೂ ಕ್ಯಾಮೆರಾದಲ್ಲಿ ಅಪರಾಧದ ಹಾಗೆ ಕಾಣುವುದಿಲ್ಲ. ಪೊಲೀಸ್ ದೂರಿನ ಲೆಕ್ಕದಲ್ಲೂ ಬಹುಪಾಲು ಬರುವುದಿಲ್ಲ. ಅದಕ್ಕೇ ‘ಇಲ್ಲಿ ಯಾವ ಕೇಸೂ ಆಗಿಲ್ಲ’ ಅಂತ ಅಧಿಕಾರಿಗಳು ಹೇಳುವ ಜಾಗವನ್ನೇ ಹುಡುಗಿಯರು ಎರಡು ಬೀದಿ ಸುತ್ತಿಕೊಂಡು ತಪ್ಪಿಸಿ ಹೋಗುತ್ತಿರುತ್ತಾರೆ. ಯಾರೂ ಹೋಗದ ಜಾಗದಲ್ಲಿ ಕೇಸು ಎಲ್ಲಿಂದ ಬರಬೇಕು?

ಸರಿ, ಹಾಗಾದರೆ ಕೇಳೋದು ಹೇಗೆ? ಸಭೆ ಬಿಡಿ. ಜೊತೆಗೆ ನಡೆಯಿರಿ.

ಈ ಕ್ರಮ ಹೊಸದೇನಲ್ಲ. ಟೊರಾಂಟೊದ ಮೆಟ್ರಾಕ್ ಎಂಬ ಸಂಸ್ಥೆ 1989ರಲ್ಲಿ ಮಹಿಳೆಯರ ಸುರಕ್ಷತಾ ನಡಿಗೆಯನ್ನು ರೂಪಿಸಿತು. ನಾಲ್ಕಾರು ಜನ ಹೆಂಗಸರು ಗುಂಪಾಗಿ, ಕತ್ತಲಾದ ಮೇಲೆ ತಾವು ದಿನಾ ಬಳಸುವ ಜಾಗದಲ್ಲಿ ನಡೆದು, ಕಂಡದ್ದನ್ನೂ ಅನಿಸಿದ್ದನ್ನೂ ಬರೆಯುವುದು. ಇಷ್ಟೇ. ಅಲ್ಲಿಂದ ಅದು ಬೇರೆ ಬೇರೆ ದೇಶಗಳಿಗೆ ಹೋಯಿತು. ದೆಹಲಿಯಲ್ಲಿ ಜಾಗೋರಿ ಸಂಸ್ಥೆ ಇಂಥ ನಡಿಗೆಗಳನ್ನು ವರ್ಷಗಟ್ಟಲೆ ಮಾಡಿತು. 2013ರಲ್ಲಿ ಶುರುವಾದ ಸೇಫ್ಟಿಪಿನ್ ಆ್ಯಪ್ ಅದೇ ನಡಿಗೆಯನ್ನು ಮೊಬೈಲ್‌ಗೆ ತಂದಿತು. ಅದರಲ್ಲಿ 9 ಅಂಶಗಳನ್ನು ನೋಡುತ್ತಾರೆ. ಬೆಳಕು ಅದರಲ್ಲಿ ಒಂದು ಮಾತ್ರ. ಜಾಗ ತೆರೆದುಕೊಂಡಿದೆಯೇ, ಅಕ್ಕಪಕ್ಕದ ಕಿಟಕಿ ಬಾಗಿಲುಗಳಿಂದ ನೀವು ಯಾರಿಗಾದರೂ ಕಾಣುತ್ತೀರಾ, ಸುತ್ತ ಜನ ಇದ್ದಾರೆಯೇ, ಕಾವಲು ಇದೆಯೇ, ನಡೆಯಲು ಫುಟ್‌ಪಾತ್ ಸರಿ ಇದೆಯೇ, ಬಸ್ಸು ರೈಲು ಹತ್ತಿರವೇ, ಆ ಜನರಲ್ಲಿ ಹೆಂಗಸರೂ ಮಕ್ಕಳೂ ಎಷ್ಟು, ಕೊನೆಗೆ ನಿಮಗೆ ಅಲ್ಲಿ ಏನನಿಸುತ್ತದೆ. ನಿಮ್ಮ ಎಂಜಿನಿಯರ್‌ಗೆ ಈ ಪಟ್ಟಿ ತೋರಿಸಿ. ಲೈಟು ಕ್ಯಾಮೆರಾ ಎರಡೇ ಸಾಕು ಅನ್ನುವವರಿಗೆ ಉಳಿದ ಅಂಶಗಳ ಗತಿ ಏನು ಅಂತ ಕೇಳಬಹುದು.

ನಿಮ್ಮ ಬಸ್ ನಿಲ್ದಾಣದಿಂದ ಅಂಡರ್‌ಪಾಸ್ ದಾಟಿ ಪಾರ್ಕಿನ ತುದಿಯವರೆಗೆ ಎರಡು ಸಲ ನಡೆಯಿರಿ, ಹಗಲಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ಎಂಜಿನಿಯರ್ ಕೂಡ ಬರಲಿ. ಆದರೆ ಒಂದು ಷರತ್ತು. ನಡಿಗೆ ಮುಗಿಯುವವರೆಗೆ ಅವರು ಏನೂ ಸಮಜಾಯಿಷಿ ಕೊಡಬಾರದು. ಕೇಳಿಸಿಕೊಳ್ಳಬೇಕು, ಬರೆದುಕೊಳ್ಳಬೇಕು.

ಒಮ್ಮೆ ಹೀಗೇ ನಡೆಯುತ್ತಿದ್ದೆವು. ಸಂಜೆ ಏಳೂವರೆ. ಆರು ಹುಡುಗಿಯರು, ನಾನು, ಒಬ್ಬರು ಎಂಜಿನಿಯರ್. ಬಸ್ ಶೆಲ್ಟರ್ ಹೊಸದು. ಒಂದು ಬದಿಗೆ ಆಳೆತ್ತರದ ಜಾಹೀರಾತು ಫಲಕ, ಒಳಗಿನಿಂದ ಬೆಳಗುವಂಥದ್ದು. ‘ಇಲ್ಲಂತೂ ಬೆಳಕಿಗೆ ಕೊರತೆಯಿಲ್ಲ’ ಅಂದರು ಎಂಜಿನಿಯರ್. ಹದಿನೇಳರ ಒಬ್ಬ ಹುಡುಗಿ ಅವರಿಗೆ ಬೆಂಚಿನ ಮೇಲೆ ಕೂರಲು ಹೇಳಿದಳು. ಬಸ್ಸು ಬರುವ ಕಡೆ ನೋಡುತ್ತಿರಿ ಅಂದಳು. ಅಷ್ಟರಲ್ಲಿ ಅವಳ ಗೆಳತಿ ಸದ್ದಿಲ್ಲದೆ ಫಲಕದ ಹಿಂದೆ ಹೋಗಿ ನಿಂತಳು. ‘ಈಗ ಅವಳೆಲ್ಲಿದ್ದಾಳೆ ಹೇಳಿ ಸರ್.’ ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಅವರ ಭುಜಕ್ಕೂ ಅವಳಿಗೂ ಗೇಣು ಅಂತರ. ಅವಳು ಬೆರಳಿನಿಂದ ಫಲಕವನ್ನು ತಟ್ಟಿದಾಗ ಬೆಚ್ಚಿ ಎದ್ದು ನಿಂತರು. ‘ನಾವ್ಯಾರೂ ಇಲ್ಲಿ ಕೂರಲ್ಲ ಸರ್. ಆ ಕಂಬದ ಹತ್ರ ನಿಲ್ತೀವಿ. ಮಳೆ ಬಂದ್ರೂ ಅಲ್ಲೇ.’ ಮುಂದಿನ ವಾರ ನಕ್ಷೆ ಬದಲಾಯಿತು. ಫಲಕ ಶೆಲ್ಟರ್‌ನಿಂದ ದೂರ ಹೋಯಿತು, ಅದರ ಜಾಗಕ್ಕೆ ಗಾಜು ಬಂತು. ನಾನು ಅವರಿಗೆ ವರದಿ ಬರೆದು ಕೊಟ್ಟಿದ್ದರೆ ಇದು ಆಗುತ್ತಿತ್ತು ಅಂತ ನನಗೆ ನಂಬಿಕೆ ಇಲ್ಲ. ಅವರು ಆ ಬೆಂಚಿನ ಮೇಲೆ ಕೂತಿದ್ದರು, ಅದಕ್ಕೇ ಆಯಿತು.

ಅಂಡರ್‌ಪಾಸ್ ಬಗ್ಗೆ ನೀವು ಕೇಳಿದ್ದರಿಂದ ಸ್ವೀಡನ್ನಿನ ಉಮಿಯೋ ನಗರದ ಉದಾಹರಣೆ ಹೇಳುತ್ತೇನೆ. ಅಲ್ಲಿ ರೈಲು ನಿಲ್ದಾಣದ ಬಳಿ 2012ರಲ್ಲಿ ‘ಲೆವ್’ ಎಂಬ ಸುರಂಗದಾರಿ ತೆರೆಯಿತು. ಬಾಯಿ ಅಗಲವಾಗಿದೆ. ಹಗಲಿನ ಬೆಳಕು ಒಳಗೆ ಬರುತ್ತದೆ. ಗೋಡೆಯ ಮೂಲೆಗಳು ದುಂಡಗಿವೆ, ಹಾಗಾಗಿ ತಿರುವಿನ ಹಿಂದೆ ಅಡಗಿ ನಿಲ್ಲಲು ಜಾಗವಿಲ್ಲ. ನಡುವೆ ಇನ್ನೊಂದು ಕಡೆಯಿಂದಲೂ ಹೊರಗೆ ಹೋಗಬಹುದು. ಈ ಕೊನೆಯ ಅಂಶ ಬಹಳ ಮುಖ್ಯ. ಅಂಡರ್‌ಪಾಸಿನ ಭಯ ಕತ್ತಲಿನದ್ದು ಮಾತ್ರ ಅಲ್ಲ. ಒಳಗೆ ಕಾಲಿಟ್ಟ ಮೇಲೆ ಮನಸ್ಸು ಬದಲಾಯಿಸಲು ಆಗುವುದಿಲ್ಲ ಅನ್ನುವುದೇ ದೊಡ್ಡ ಭಯ. ನಿಮ್ಮ ನಕ್ಷೆ ಇನ್ನೂ ಅಂತಿಮವಾಗಿಲ್ಲ ಅಂದರೆ ಮೊದಲು ಹೀಗೆ ಕೇಳಿ, ಇಲ್ಲಿ ಅಂಡರ್‌ಪಾಸೇ ಬೇಕಾ? ವಾಹನಗಳ ವೇಗ ತಗ್ಗಿಸಿ, ಜನ ಮೇಲಿಂದಲೇ ರಸ್ತೆ ದಾಟುವ ಹಾಗೆ ಮಾಡಲು ಆಗುತ್ತದೆಯೇ? ಹುಡುಗಿಯರು ಇದನ್ನೇ ಕೇಳುತ್ತಾರೆ ಅಂತ ನನಗೆ ಅನಿಸುತ್ತದೆ.

ಇನ್ನು ಪಾರ್ಕು. ಈ ವಿಷಯದಲ್ಲಿ ನನಗೆ ಹೇಳಲು ಜಾಸ್ತಿ ಇದೆ. ಯಾಕಂದರೆ ಸುರಕ್ಷತೆ ಅಂದ ಕೂಡಲೇ ನಾವೆಲ್ಲ ಭಯದ ಬಗ್ಗೆಯೇ ಕೇಳುತ್ತೇವೆ. ಎಲ್ಲಿ ಹೆದರಿಕೆ, ಏನಾಯಿತು, ಯಾರು ಕಾಟ ಕೊಟ್ಟರು. ಒಂದು ಗಂಟೆ ಇದನ್ನೇ ಕೇಳಿದರೆ ಹುಡುಗಿಯರ ಮುಖ ಬಾಡುತ್ತದೆ. ‘ನಿಮಗೆ ಇಲ್ಲಿ ಏನು ಮಾಡಬೇಕು ಅನಿಸುತ್ತದೆ’ ಅಂತ ಯಾರೂ ಕೇಳಿರುವುದಿಲ್ಲ. ಕೇಳಿದಾಗ ಮೊದಲು ಒಂದು ನಿಮಿಷ ಮೌನ. ಆಮೇಲೆ ಮಾತು ನಿಲ್ಲುವುದೇ ಇಲ್ಲ.

ವಿಯೆನ್ನಾದವರು 1990ರ ದಶಕದಲ್ಲಿ ಒಂದು ವಿಷಯ ಗಮನಿಸಿದರು. ಪಾರ್ಕುಗಳಲ್ಲಿ ಸುಮಾರು 9 ವರ್ಷ ದಾಟಿದ ಹುಡುಗಿಯರು ಕಾಣೆಯಾಗುತ್ತಿದ್ದರು. ಅದೇ ವಯಸ್ಸಿನ ಹುಡುಗರು ಬರುತ್ತಲೇ ಇದ್ದರು. ಹುಡುಗಿಯರಿಗೆ ಆಟ ಬೇಡವಾಯಿತು ಅಂತ ಅಲ್ಲ. ಪಾರ್ಕಿನ ನಡುವೆ ಒಂದೇ ದೊಡ್ಡ ಬಯಲು. ಮೊದಲು ಬಂದವರು, ಜೋರಾಗಿರುವವರು ಅದನ್ನು ಹಿಡಿದುಕೊಳ್ಳುತ್ತಿದ್ದರು. ಹುಡುಗಿಯರು ಜಗಳ ಆಡುವ ಬದಲು ಮನೆಗೆ ಹೋಗುತ್ತಿದ್ದರು. 1999ರಲ್ಲಿ ನಗರದ ಐದನೇ ಜಿಲ್ಲೆಯ ಎರಡು ಪಾರ್ಕುಗಳನ್ನು ಬದಲಾಯಿಸಿದರು. ಐನ್‌ಸೀಡ್ಲರ್ ಪಾರ್ಕ್ ಒಂದು, ಈಗ ಬ್ರೂನೊ ಕ್ರೈಸ್ಕಿ ಪಾರ್ಕ್ ಎಂದು ಕರೆಯುವುದು ಇನ್ನೊಂದು. ದೊಡ್ಡ ಬಯಲನ್ನು ಚಿಕ್ಕ ಚಿಕ್ಕ ಜಾಗಗಳಾಗಿ ಒಡೆದರು. ಒಳಗೆ ಹಾದಿಗಳನ್ನು ಹೆಚ್ಚಿಸಿದರು. ವಾಲಿಬಾಲ್, ಬ್ಯಾಡ್ಮಿಂಟನ್‌ಗೂ ಜಾಗ ಮಾಡಿದರು. ಬೇರೆ ಬೇರೆ ಗುಂಪುಗಳು ಒಬ್ಬರನ್ನೊಬ್ಬರು ಓಡಿಸದೆ ಪಾರ್ಕು ಬಳಸತೊಡಗಿದವು. ಯಾರನ್ನೂ ಹೊರಗೆ ಹಾಕಲಿಲ್ಲ, ಕಾವಲುಗಾರರನ್ನು ನಿಲ್ಲಿಸಲಿಲ್ಲ. ಜಾಗವನ್ನು ಹಂಚಿದ ರೀತಿ ಬದಲಾಯಿತು, ಅಷ್ಟೇ.

ಸ್ಟಾಕ್‌ಹೋಮ್‌ನಲ್ಲಿ ವೈಟ್ ಆರ್ಕಿಟೆಕ್ಟರ್ ಎಂಬ ವಿನ್ಯಾಸ ಸಂಸ್ಥೆ ಹದಿಹರೆಯದ ಹುಡುಗಿಯರ ಜೊತೆ ಕೂತು ನಿಮಗೆ ಎಂಥ ಜಾಗ ಬೇಕು ಅಂತ ಕೇಳಿತ್ತು. ಮುಖಾಮುಖಿ ಕೂರುವ ಆಸನ, ಗಾಳಿ ಮಳೆಯಿಂದ ಮರೆ, ಹೊರಗಿನವರನ್ನು ನಾವು ನೋಡುವಂತಿರಬೇಕು ಆದರೆ ಎಲ್ಲರ ಕಣ್ಣೂ ನಮ್ಮ ಮೇಲೆ ಇರಬಾರದು, ನಮ್ಮ ಗುರುತು ಬಿಡಲು ಸ್ವಲ್ಪ ಜಾಗ. ನಮ್ಮ ಪಾರ್ಕುಗಳ ಬೆಂಚುಗಳನ್ನು ನೆನೆಸಿಕೊಳ್ಳಿ. ಸಾಲಾಗಿ, ಎಲ್ಲ ಒಂದೇ ಕಡೆ ಮುಖ ಮಾಡಿ. ಐದು ಜನ ಗೆಳತಿಯರು ಮಾತಾಡಬೇಕಾದರೆ ಮೂವರು ನಿಂತಿರಬೇಕು. ಉಮಿಯೋದಲ್ಲೇ ಒಂದು ಪಾರ್ಕಿನಲ್ಲಿ ಹುಡುಗಿಯರ ಮಾತು ಕೇಳಿ ‘ಫ್ರಿಝೋನ್’ ಅಂತ ಒಂದು ಜಾಗ ಮಾಡಿದ್ದಾರೆ. ಚಾವಣಿಯ ಕೆಳಗೆ ಉಯ್ಯಾಲೆಯ ಹಾಗೆ ತೂಗುವ ಆಸನಗಳು, ದೊಡ್ಡವರೂ ಕೂರಬಹುದಾದಂಥವು. ಬೆಳಕಿದೆ, ಮೊಬೈಲ್‌ನಿಂದ ಹಾಡು ಹಾಕಬಹುದು. ಅಲ್ಲಿ ಏನೂ ಆಡಬೇಕಾಗಿಲ್ಲ, ಗೆಲ್ಲಬೇಕಾಗಿಲ್ಲ. ಸುಮ್ನೆ ಇರಬಹುದು. ಹುಡುಗರಿಗೆ ಬೀದಿಯ ಮೂಲೆಯಲ್ಲಿ ಸುಮ್ನೆ ನಿಲ್ಲುವ ಹಕ್ಕು ಹುಟ್ಟಿನಿಂದಲೇ ಇರುತ್ತದೆ. ಹುಡುಗಿಗೆ ಪ್ರತಿ ಸಲವೂ ಒಂದು ಕಾರಣ ಬೇಕು. ಬಸ್ಸಿಗೆ ಕಾಯುತ್ತಿದ್ದೇನೆ, ಅಂಗಡಿಗೆ ಬಂದೆ, ಗೆಳತಿ ಬರಬೇಕು. ಕಾರಣವಿಲ್ಲದೆ ಕೂರುವ ಜಾಗ ಬೇಕು ಅಂತ ಅವರು ಕೇಳಿದಾಗ ಅದನ್ನು ಚಿಕ್ಕ ಬೇಡಿಕೆ ಅಂದುಕೊಳ್ಳಬೇಡಿ, ದಯವಿಟ್ಟು.

ಹುಡುಗಿಯರೆಲ್ಲ ಒಂದೇ ಮಾತು ಹೇಳುವುದಿಲ್ಲ ಅನ್ನುವುದಕ್ಕೂ ತಯಾರಾಗಿರಿ. ಒಬ್ಬಳು ಕಾಂಪೌಂಡ್ ಗೋಡೆ ಒಡೆಯಿರಿ, ಹೊರಗಿನವರಿಗೆ ಕಾಣಬೇಕು ಅನ್ನುತ್ತಾಳೆ. ಇನ್ನೊಬ್ಬಳು ಗೋಡೆ ಇರಲಿ, ನಾನು ಇಲ್ಲಿ ಕೂತಿದ್ದೇನೆ ಅಂತ ಪರಿಚಯದವರು ಯಾರೂ ನೋಡಬಾರದು ಅನ್ನುತ್ತಾಳೆ. ಇಬ್ಬರೂ ಸರಿ. ಇಂಥ ಕಡೆ ವೋಟು ಹಾಕಿಸಿ ಮುಗಿಸಬೇಡಿ. ಸೊಂಟದೆತ್ತರದ ಗಿಡದ ಬೇಲಿ, ಹಾದಿಯಿಂದ ಸ್ವಲ್ಪ ಒಳಗೆ ಆಸನ, ಹೊರಬರಲು ಎರಡು ಕಡೆ ದಾರಿ, ಹೀಗೆ ಇಬ್ಬರಿಗೂ ಒಗ್ಗುವುದನ್ನು ಹುಡುಕುವುದೇ ವಿನ್ಯಾಸ. ಇದನ್ನು ಅವರ ಎದುರಿಗೇ ಮಾಡಿ. ನೆಲದ ಮೇಲೆ ಸೀಮೆಸುಣ್ಣದಿಂದ ನಿಜವಾದ ಅಳತೆಯಲ್ಲಿ ಗೆರೆ ಎಳೆಯಿರಿ, ಕುರ್ಚಿಗಳನ್ನು ಇಡಿ, ಬೇಲಿಯ ಜಾಗದಲ್ಲಿ ಹಗ್ಗ ಕಟ್ಟಿ. ಅವರು ಕೂತು ನೋಡಲಿ, ಕುರ್ಚಿ ತಿರುಗಿಸಲಿ. ನಕ್ಷೆ ಓದಲು ಬರದವರಿಗೂ ಇದು ಅರ್ಥವಾಗುತ್ತದೆ. ಕಂಪ್ಯೂಟರ್ ಇಷ್ಟಪಡುವ ಗುಂಪಾದರೆ, ಚೌಕ ತುಂಡುಗಳನ್ನು ಜೋಡಿಸಿ ಬೇಕಾದ್ದನ್ನು ಕಟ್ಟುವ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲೂ ಮಾಡಿಸಬಹುದು. ನಗರಗಳ ಕೆಲಸ ನೋಡುವ ವಿಶ್ವಸಂಸ್ಥೆಯ ಅಂಗವಾದ ಯುಎನ್-ಹ್ಯಾಬಿಟಾಟ್ ಮತ್ತು ಆ ಆಟ ತಯಾರಿಸಿದ ಮೊಜಾಂಗ್ ಕಂಪನಿ 2012ರಿಂದ ‘ಬ್ಲಾಕ್ ಬೈ ಬ್ಲಾಕ್’ ಎಂಬ ಹೆಸರಲ್ಲಿ ಇದನ್ನು ಹಲವು ದೇಶಗಳಲ್ಲಿ ಮಾಡಿಸಿವೆ. ಯುಎನ್-ಹ್ಯಾಬಿಟಾಟ್ 2021ರಲ್ಲಿ ಹೊರತಂದ ‘ಹರ್ ಸಿಟಿ’ ಎಂಬ ಉಚಿತ ಕೈಪಿಡಿಯಲ್ಲಿ ಹುಡುಗಿಯರ ಜೊತೆ ನಗರ ಯೋಜನೆ ಮಾಡುವ ಇಡೀ ಕೆಲಸವನ್ನು 9 ಹಂತಗಳಾಗಿ ಬಿಡಿಸಿಟ್ಟಿದ್ದಾರೆ. ಮೊದಲ ಸಲ ಮಾಡುವವರಿಗೆ ಅದು ಒಳ್ಳೆಯ ಆಸರೆ. ಆದರೂ ನನ್ನ ಮನಸ್ಸು ಸೀಮೆಸುಣ್ಣದ ಕಡೆಗೇ.

ಹುಡುಗಿಯರು ಬರುವುದು ಹೇಗೆ ಅನ್ನುವುದು ನಿಮ್ಮ ಇನ್ನೊಂದು ಚಿಂತೆ. ನೀವು ಕರೆದಲ್ಲಿಗೆ ಅವರು ಬರಲಿ ಅಂತ ಕಾಯಬೇಡಿ, ಅವರಿರುವಲ್ಲಿಗೆ ಹೋಗಿ. ಕಾಲೇಜು, ಹಾಸ್ಟೆಲ್, ಹೊಲಿಗೆ ತರಗತಿ, ಕೆಲಸದ ಜಾಗ. ಒಬ್ಬೊಬ್ಬರನ್ನಲ್ಲ, ಗೆಳತಿಯರನ್ನು ಜೊತೆಯಾಗಿ ಕರೆಯಿರಿ. ಆರೆಂಟು ಜನರ ಗುಂಪು ಸಾಕು. ಮೊದಲೆರಡು ಸಲ ಹುಡುಗರಿಲ್ಲದೆ, ಅಧಿಕಾರಿಗಳಿಲ್ಲದೆ ಕೂರಿ. ಅವರ ಸಮಯಕ್ಕೆ ದುಡ್ಡು ಕೊಡಿ. ಸಲಹೆಗಾರ ಆರ್ಕಿಟೆಕ್ಟ್‌ಗೆ ಕೊಡುತ್ತೀರಲ್ವಾ? ಇವರೂ ಸಲಹೆಗಾರರೇ. ಹೋಗಿಬರುವ ಖರ್ಚು ಕೊಡಿ, ಕತ್ತಲಾದ ಮೇಲಿನ ನಡಿಗೆಯಾದರೆ ಪ್ರತಿಯೊಬ್ಬಳನ್ನೂ ಮನೆಯ ಬಾಗಿಲವರೆಗೆ ಮುಟ್ಟಿಸಿ. ಕಿರಿಯರಾದರೆ ಮನೆಯವರ ಜೊತೆ ನೀವೇ ಮಾತಾಡಿ.

ಯಾರು ಬಂದಿಲ್ಲ ಅಂತ ಪ್ರತಿ ಸಲವೂ ಎಣಿಸಿ. ಓದುತ್ತಿರುವವರು ಸುಲಭವಾಗಿ ಸಿಗುತ್ತಾರೆ. ಗಾಲಿಕುರ್ಚಿ ಬಳಸುವವಳು, ಕಣ್ಣು ಕಾಣದವಳು, ರಾತ್ರಿ ಪಾಳಿ ಮುಗಿಸಿ ಬರುವವಳು, ಮನೆಗೆಲಸ ಮಾಡುವವಳು, ಕಂಕುಳಲ್ಲಿ ಮಗು ಇರುವ ಇಪ್ಪತ್ತರ ತಾಯಿ, ಊರಿಗೆ ಹೊಸದಾಗಿ ಬಂದು ಭಾಷೆ ಬಾರದವಳು, ಇವರನ್ನು ಹುಡುಕಿಕೊಂಡು ಹೋಗಬೇಕು. ನಿಮ್ಮ ಅಂಡರ್‌ಪಾಸಿಗೆ ಮೆಟ್ಟಿಲು ಮಾತ್ರ ಇದ್ದರೆ ಎಷ್ಟು ಬೆಳಕು ಹಾಕಿದರೂ ಗಾಲಿಕುರ್ಚಿಯ ಹುಡುಗಿಗೆ ಅದು ಇಲ್ಲದ ಹಾಗೇ.

ಕೂತಾಗ ‘ನಿಮಗೆ ಸುರಕ್ಷತೆ ಇದೆಯಾ’ ಅಂತ ಕೇಳಬೇಡಿ. ಆ ಪ್ರಶ್ನೆಗೆ ‘ಹೂಂ’ ಅಥವಾ ‘ಇಲ್ಲ’ ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ನಿನ್ನೆಯ ದಿನದ ಬಗ್ಗೆ ಕೇಳಿ. ಬೆಳಿಗ್ಗೆ ಮನೆಯಿಂದ ಹೊರಟು ಯಾವ ದಾರಿಯಲ್ಲಿ ಹೋದಿರಿ, ಎಲ್ಲಿ ತಿರುಗಿದಿರಿ, ಹತ್ತಿರದ ದಾರಿ ಬಿಟ್ಟು ಇದನ್ನೇಕೆ ಹಿಡಿದಿರಿ? ಎಲ್ಲಿ ಹೆಜ್ಜೆ ಜೋರಾಯಿತು? ಎಲ್ಲಿ ಯಾರಿಗೂ ಫೋನ್ ಮಾಡದಿದ್ದರೂ ಫೋನ್ ಕಿವಿಗೆ ಇಟ್ಟುಕೊಂಡಿರಿ? ಈ ಕಡೆಯ ಪ್ರಶ್ನೆ ಕೇಳಿದಾಗ ಕೋಣೆಯಲ್ಲಿರುವ ಎಲ್ಲರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಅಲ್ಲಿಂದ ಮಾತು ಹರಿಯುತ್ತದೆ. ದೊಡ್ಡ ನಕ್ಷೆ ಹಾಸಿ ಎರಡು ಬಣ್ಣದ ಸ್ಟಿಕ್ಕರ್ ಕೊಡಿ. ಹಿತವಾದ ಜಾಗಕ್ಕೂ ಗುರುತು ಬೀಳಬೇಕು. ಹಿತವಾದ ಜಾಗದಲ್ಲಿ ಏನಿದೆ ಅಂತ ಗೊತ್ತಾದರೆ ಅದನ್ನೇ ಬೇರೆಡೆ ಮಾಡಬಹುದು. ಬಹಳ ಸಲ ಅಲ್ಲಿ ರಾತ್ರಿ ತಡವಾಗಿ ಮುಚ್ಚುವ ಒಂದು ಅಂಗಡಿ, ಪರಿಚಯದ ಒಬ್ಬ ಗಾಡಿ ವ್ಯಾಪಾರಿ, ಬಾಗಿಲು ತೆರೆದಿರುವ ಒಂದು ಮನೆ ಇರುತ್ತದೆ. ಬೀದಿಯ ಮೇಲೆ ಕಣ್ಣುಗಳಿರಬೇಕು ಅಂತ ನಗರಗಳ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಹೇಳಿದ್ದು ಇದನ್ನೇ. ಹಾಗಾಗಿ ಸುರಕ್ಷತೆಯ ಹೆಸರಲ್ಲಿ ಗಾಡಿಯವರನ್ನೂ ಬಡವರನ್ನೂ ಎಬ್ಬಿಸಲು ಯಾರಾದರೂ ಹೊರಟರೆ ಒಪ್ಪಬೇಡಿ. ಆ ಜಾಗದಲ್ಲಿ ದೀಪ ಉರಿಸಿಕೊಂಡು ಎಚ್ಚರವಾಗಿರುವವರೇ ಅವರು.

ಒಂದು ಎಚ್ಚರಿಕೆ ಹೇಳಲೇಬೇಕು. ಹೀಗೆ ಮಾತಾಡುವಾಗ ಯಾರಾದರೂ ತನ್ನ ಮೇಲಾದ ದೌರ್ಜನ್ಯದ ಬಗ್ಗೆ ಹೇಳಬಹುದು. ಆಗ ಏನು ಮಾಡಬೇಕು, ಯಾರ ಬಳಿ ಕರೆದೊಯ್ಯಬೇಕು ಅಂತ ತಿಳಿದ ಒಬ್ಬರು, ಆಪ್ತಸಮಾಲೋಚಕಿ ಯಾರಾದರೂ, ಅಂದು ಅಲ್ಲೇ ಇರಬೇಕು. ಎಲ್ಲರೆದುರು ಹೇಳುವಂತೆ ಒತ್ತಾಯ ಬೇಡ. ಅವರ ಓಡಾಟದ ನಕ್ಷೆ, ಹೆಸರು, ಫೋಟೋ ಯಾವುದೂ ಹೊರಗೆ ಹೋಗಬಾರದು. ಯಾವ ಹುಡುಗಿ ಎಷ್ಟು ಗಂಟೆಗೆ ಯಾವ ದಾರಿಯಲ್ಲಿ ಒಬ್ಬಳೇ ಬರುತ್ತಾಳೆ ಅನ್ನುವುದು ಬೇರೆ ಕೈಗೆ ಸಿಕ್ಕರೆ ಏನಾಗಬಹುದು ಅಂತ ನಿಮಗೇ ಗೊತ್ತು. ನಡಿಗೆಯ ಫೋಟೋ ಹಾಕಲೇಬೇಕು ಅಂದರೆ ಜಾಗದ್ದು ಹಾಕಿ, ಮುಖಗಳದ್ದಲ್ಲ.

ಹುಡುಗಿಯರು ಹೇಳುವುದೆಲ್ಲ ಕಲ್ಲು ಸಿಮೆಂಟಿನ ಕೆಲಸ ಆಗಿರುವುದಿಲ್ಲ. ನಿಲ್ದಾಣದಿಂದ ಮನೆಯವರೆಗಿನ ಆ ನಾನೂರು ಹೆಜ್ಜೆಯೇ ಕಷ್ಟ ಅಂತ ಅವರು ಹೇಳಿದರೆ, ನಿಲ್ದಾಣವನ್ನು ಎಷ್ಟು ಚೆಂದ ಕಟ್ಟಿದರೂ ಅದು ಹೋಗುವುದಿಲ್ಲ. ಟೊರಾಂಟೊ, ಮಾಂಟ್ರಿಯಲ್ ನಗರಗಳಲ್ಲಿ 1990ರ ದಶಕದಲ್ಲೇ ರಾತ್ರಿ ಹೊತ್ತು ಎರಡು ನಿಲ್ದಾಣಗಳ ನಡುವೆ, ಕೇಳಿದಲ್ಲಿ ಬಸ್ಸು ನಿಲ್ಲಿಸಿ ಹೆಂಗಸರನ್ನು ಇಳಿಸುವ ವ್ಯವಸ್ಥೆ ತಂದರು. ಕಟ್ಟಡದ ಖರ್ಚಿಲ್ಲ, ಚಾಲಕರಿಗೆ ಒಂದು ಸೂಚನೆ ಸಾಕು. ಇಂಥ ಮಾತು ಬಂದಾಗ ‘ಅದು ನಮ್ಮ ಇಲಾಖೆಯದ್ದಲ್ಲ’ ಅಂತ ಬಿಡಬೇಡಿ. ಸಾರಿಗೆಯವರನ್ನು ಮುಂದಿನ ನಡಿಗೆಗೆ ಕರೆಯಿರಿ. ಕಾಟ ಕೊಡುವವರ ನಡವಳಿಕೆ ಬದಲಾಗುವುದಕ್ಕೆ ಬೇರೆ ಕೆಲಸವೂ ಬೇಕು, ಹುಡುಗರ ಜೊತೆ, ಬಸ್ ಸಿಬ್ಬಂದಿ ಜೊತೆ, ಪೊಲೀಸರ ಜೊತೆ. ವಿನ್ಯಾಸ ಒಂದರಿಂದಲೇ ಎಲ್ಲ ಸರಿಹೋಗುತ್ತದೆ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಇನ್ನು ಕೆಲಸ ಕೆಡುವ ಜಾಗ ಯಾವುದು ಅಂತ ಹೇಳುತ್ತೇನೆ. ಅದು ಹುಡುಗಿಯರ ಜೊತೆಗಿನ ಮಾತುಕತೆಯಲ್ಲಿ ಕೆಡುವುದಿಲ್ಲ, ಆಮೇಲೆ ಕೆಡುತ್ತದೆ. ಅಂದಾಜುಪಟ್ಟಿ ಜಾಸ್ತಿಯಾಯಿತು ಅಂತ ಕತ್ತರಿ ಹಾಕುವಾಗ ಮೊದಲು ಹೋಗುವುದು ಶೌಚಾಲಯ, ಆಮೇಲೆ ಆಸನ, ಆಮೇಲೆ ಫುಟ್‌ಪಾತಿನ ದೀಪ. ಅಂದರೆ ಹುಡುಗಿಯರು ಕೇಳಿದ್ದೆಲ್ಲ. ಈ ಕತ್ತರಿ ಆಡುವ ಸಭೆಗೆ ಅವರಲ್ಲಿ ಕನಿಷ್ಠ ಇಬ್ಬರಾದರೂ ಬಂದು ಕೂರಬೇಕು. ಒಬ್ಬಳನ್ನೇ ಕರೆಯಬೇಡಿ, ಹತ್ತು ಅಧಿಕಾರಿಗಳ ನಡುವೆ ಒಬ್ಬಳಿಗೆ ದನಿ ಏಳುವುದಿಲ್ಲ. ಹಾಗೇ ಅವರ ಪ್ರತಿ ಸಲಹೆಗೂ ಬರಹದಲ್ಲಿ ಉತ್ತರ ಕೊಡಿ. ಇದು ಆಗುತ್ತದೆ, ಇಂಥ ತಿಂಗಳಲ್ಲಿ. ಇದು ಆಗುವುದಿಲ್ಲ, ಈ ಕಾರಣಕ್ಕೆ. ಆಗುವುದಿಲ್ಲ ಅಂದರೆ ಅವರಿಗೆ ಬೇಜಾರಾಗುತ್ತದೆ, ನಿಜ. ಉತ್ತರವೇ ಬರದಿದ್ದರೆ ಮಾತ್ರ ಇನ್ನೆಂದೂ ಬರುವುದಿಲ್ಲ. ಸಲಹೆಗಳನ್ನು ಟೆಂಡರ್ ಭಾಷೆಗೆ ತರುವುದು ನಿಮ್ಮ ಕೆಲಸ. ‘ಸುರಕ್ಷಿತ ವಾತಾವರಣ ಕಲ್ಪಿಸುವುದು’ ಅಂತ ಬರೆದರೆ ಗುತ್ತಿಗೆದಾರ ಏನೂ ಮಾಡಬೇಕಾಗಿಲ್ಲ. ‘ಶೆಲ್ಟರ್‌ನ ಮೂರೂ ಬದಿ ಗಾಜು, ಯಾವ ಫಲಕವೂ ನೋಟಕ್ಕೆ ಅಡ್ಡ ಬರಬಾರದು’ ಅಂತ ಬರೆದರೆ ಮಾಡಲೇಬೇಕು.

ಮುಗಿದು ಮೂರು ತಿಂಗಳಾದಾಗ ಅದೇ ಹುಡುಗಿಯರ ಜೊತೆ ಅದೇ ದಾರಿಯಲ್ಲಿ ಮತ್ತೆ ನಡೆಯಿರಿ. ವರ್ಷವಾದಾಗ ಇನ್ನೊಮ್ಮೆ. ಕೆಟ್ಟ ದೀಪ, ಬೀಗ ಹಾಕಿದ ಶೌಚಾಲಯ, ಬೆಳೆದು ನಿಂತ ಪೊದೆ, ಇವು ಆಗ ಕಣ್ಣಿಗೆ ಬೀಳುತ್ತವೆ. ಸಂಜೆ ಐದರಿಂದ ಒಂಬತ್ತರವರೆಗೆ ಗಂಟೆಗೊಮ್ಮೆ ಪಾರ್ಕಿನಲ್ಲಿ ಎಷ್ಟು ಹುಡುಗಿಯರಿದ್ದಾರೆ, ಅವರಲ್ಲಿ ಎಷ್ಟು ಜನ ಕೂತಿದ್ದಾರೆ, ಎಷ್ಟು ಜನ ಬರೀ ದಾಟಿ ಹೋಗುತ್ತಿದ್ದಾರೆ ಅಂತ ಎಣಿಸಿ. ಈ ಲೆಕ್ಕವನ್ನು ಕೆಲಸ ಶುರುವಾಗುವ ಮುಂಚೆಯೂ ಒಮ್ಮೆ ತೆಗೆದಿಟ್ಟುಕೊಂಡಿರಬೇಕು. ಇಲ್ಲದಿದ್ದರೆ ಏನು ಬದಲಾಯಿತು ಅಂತ ತೋರಿಸಲು ಆಗುವುದಿಲ್ಲ.

ಆದ್ದರಿಂದ ಈ ವಾರವೇ ಒಂದು ಸಂಜೆ ಹೋಗಿ ಎಣಿಸಿ ಬನ್ನಿ. ಆಮೇಲೆ ಆ ನಾಲ್ಕು ಹುಡುಗಿಯರಿಗೆ ಫೋನ್ ಮಾಡಿ. ಹೋದ ಸಲ ನಾವು ಸರಿಯಾಗಿ ಕೇಳಲಿಲ್ಲ ಅಂತ ಹೇಳಿ. ಒಬ್ಬೊಬ್ಬರೂ ಒಬ್ಬ ಗೆಳತಿಯನ್ನು ಕರೆದುಕೊಂಡು ಬರಲಿ, ಎಂಟು ಜನ ಆದರು. ನಿಮ್ಮ ಎಂಜಿನಿಯರ್‌ಗೂ ಹೇಳಿ, ಕೈಯಲ್ಲಿ ನಕ್ಷೆ ಬೇಡ, ಪೆನ್ನು ಖಾಲಿ ಕಾಗದ ಸಾಕು. ಕತ್ತಲಾದ ಮೇಲೆ ಅಂಡರ್‌ಪಾಸಿನ ಆ ತುದಿಯಿಂದ ಶುರು ಮಾಡಿ.